ವ್ಯಾಪಾರಿಯ ಕೈಗೆ ಆಡಳಿತದ ಬೀಗದ ಕೈ

ಸರಕಾರಿ ಕಚೇರಿಯ ಮುಂದೆ ಅರ್ಧ ದಿನ ಕಾದು, "ಸಾಹೇಬರು ಸೀಟಿನಲ್ಲಿಲ್ಲ, ನಾಳೆ ಬನ್ನಿ" ಎಂಬ ಉತ್ತರ ಕೇಳಿ ಮನೆಗೆ ಮರಳುವವನ ಬಾಯಿಂದ ಒಂದು ಮಾತು ಬಂದೇ ಬರುತ್ತದೆ: ಈ ದೇಶವನ್ನು ಯಾರಾದರೊಬ್ಬ ದೊಡ್ಡ ಕಂಪೆನಿಯ ಯಜಮಾನರಿಗೆ ಒಪ್ಪಿಸಿಬಿಡಬೇಕು, ಆಗ ಎಲ್ಲವೂ ಸರಿಯಾಗುತ್ತದೆ! ಬಂದರಿನ ಮಂಡಿಗಳಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಗಲ್ಫಿನಿಂದ ರಜೆಯಲ್ಲಿ ಬಂದ ಯುವಕರ ಹರಟೆಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ಅದನ್ನು ಮೂರ್ಖತನವೆಂದು ತಳ್ಳಿಹಾಕುವಂತಿಲ್ಲ. ಕಾಯುವವನ ದಣಿವಿನಿಂದ ಹುಟ್ಟಿದ ಮಾತು ಅದು. ಸಾವಿರ ಜನರಿಗೆ ಪ್ರತಿ ತಿಂಗಳು ತಪ್ಪದೆ ಸಂಬಳ ಕೊಡುವ, ಲೆಕ್ಕ ತಪ್ಪದ, ಹೇಳಿದ ಸಮಯಕ್ಕೆ ಸರಕು ಮುಟ್ಟಿಸುವ ಮನುಷ್ಯ ಊರನ್ನೂ ಹಾಗೆಯೇ ನಡೆಸಬಲ್ಲ ಎಂದು ಅನಿಸುವುದು ಸಹಜ. ಆದರೆ ಸಹಜವಾದದ್ದೆಲ್ಲ ಸರಿಯಾಗಿರಬೇಕೆಂದಿಲ್ಲವಲ್ಲ. ಆದ್ದರಿಂದ ಈ ವಿಷಯವನ್ನು ದೀನಿನ ಬೆಳಕಿನಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲಿಗೆ ಒಂದು ತಪ್ಪು ತಿಳುವಳಿಕೆಯನ್ನು ಸರಿಸಿಬಿಡಬೇಕು. ವ್ಯಾಪಾರವನ್ನು ಕೀಳೆಂದು ಕಾಣುವ ಧರ್ಮ ನಮ್ಮದಲ್ಲ. ಪ್ರವಾದಿ ಮುಹಮ್ಮದರು(ಸ) ಪ್ರವಾದಿತ್ವಕ್ಕೆ ಮುಂಚೆ ಹಝ್ರತ್ ಖದೀಜಾರ(ರ) ಸರಕನ್ನು ಶಾಮ್ ದೇಶಕ್ಕೆ ಕೊಂಡೊಯ್ದು ಮಾರಿದವರು. ಮಕ್ಕಾದ ಜನ ಅವರನ್ನು ಅಲ್ ಅಮೀನ್ ಎಂದು ಕರೆದರು. ಅಬೂಬಕರ್(ರ) ಬಟ್ಟೆ ವ್ಯಾಪಾರಿ. ಉಸ್ಮಾನ್(ರ) ಶ್ರೀಮಂತ ವರ್ತಕರು; ರೂಮಾ ಬಾವಿಯನ್ನು ಕೊಂಡು ಜನರ ಬಾಯಾರಿಕೆಗೆ ಬಿಟ್ಟುಕೊಟ್ಟವರು, ತಬೂಕಿನ ಸೇನೆಯನ್ನು ಸಜ್ಜುಗೊಳಿಸಿದವರು. ಮದೀನಾಕ್ಕೆ ಬರಿಗೈಯಲ್ಲಿ ಬಂದ ಅಬ್ದುರ್‍ರಹ್ಮಾನ್ ಬಿನ್ ಔಫ್(ರ), ತಮ್ಮ ಸೊತ್ತಿನಲ್ಲಿ ಅರ್ಧ ಕೊಡಲು ಮುಂದೆ ಬಂದ ಅನ್ಸಾರಿ ಸಹೋದರನಿಗೆ ಕೃತಜ್ಞತೆ ಹೇಳಿ, ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕೆಂದರು. ಕೆಲವೇ ವರ್ಷಗಳಲ್ಲಿ ಮದೀನಾದ ದೊಡ್ಡ ಧನಿಕರಲ್ಲಿ ಒಬ್ಬರಾದರು. ಹೀಗಿರುವಾಗ ವ್ಯಾಪಾರಿ ಆಡಳಿತಕ್ಕೆ ಅನರ್ಹನೆಂದು ಹೇಳುವ ಧೈರ್ಯ ಯಾರಿಗಿದೆ?

ಆದರೆ ಪ್ರಶ್ನೆ ಅದಲ್ಲ. ವ್ಯಾಪಾರದಲ್ಲಿ ಗೆದ್ದದ್ದೇ ಆಡಳಿತಕ್ಕೆ ಅರ್ಹತೆಯ ಪತ್ರವಾಗುತ್ತದೆಯೇ ಎಂಬುದು ಪ್ರಶ್ನೆ. ಪವಿತ್ರ ಕುರ್‌ಆನ್ ಇದಕ್ಕೆ ಒಂದು ಘಟನೆಯ ಮೂಲಕ ಉತ್ತರ ಕೊಟ್ಟಿದೆ. ಇಸ್ರಾಈಲ್ ಸಂತತಿಯವರು ತಮಗೊಬ್ಬ ಅರಸನನ್ನು ನೇಮಿಸಬೇಕೆಂದು ತಮ್ಮ ಪ್ರವಾದಿಯನ್ನು ಕೇಳಿಕೊಂಡರು. ಅಲ್ಲಾಹನು ತಾಲೂತರನ್ನು ಆರಿಸಿದನು. ಆಗ ಅವರ ಆಕ್ಷೇಪ ಏನಾಗಿತ್ತೆಂಬುದನ್ನು ಅಲ್ ಬಕರಾ ಅಧ್ಯಾಯದಲ್ಲಿ ಓದಿ ನೋಡಿರಿ. ಆತನಿಗಿಂತ ಅರಸುತನಕ್ಕೆ ನಾವೇ ಹೆಚ್ಚು ಅರ್ಹರು, ಆತನ ಕೈಯಲ್ಲಿ ಹೇರಳ ಸಂಪತ್ತೇ ಇಲ್ಲವಲ್ಲ ಎಂಬುದೇ ಅವರ ವಾದ! ಜ್ಞಾನದಲ್ಲಿಯೂ ದೇಹಬಲದಲ್ಲಿಯೂ ಆತನಿಗೆ ಹೆಚ್ಚಿನ ಪಾಲು ಕೊಡಲಾಗಿದೆ ಎಂದು ಪ್ರವಾದಿ ಉತ್ತರಿಸಿದರು. ಸಂಪತ್ತು ಆ ತಕ್ಕಡಿಗೆ ಬರಲೇ ಇಲ್ಲ. ಮೂರು ಸಾವಿರ ವರ್ಷಗಳ ಹಿಂದಿನ ಆ ಆಕ್ಷೇಪ ಇಂದು ತಿರುಗಿ ನಿಂತಿದೆ, ಅಷ್ಟೇ. ಅವರು ಸಂಪತ್ತಿಲ್ಲದವನನ್ನು ಬೇಡವೆಂದರು. ನಾವು ಸಂಪತ್ತಿರುವವನನ್ನೇ ಬೇಕೆನ್ನುತ್ತೇವೆ.

ಯೂಸುಫ್(ಅ) ಈಜಿಪ್ತಿನ ಭಂಡಾರದ ಹೊಣೆಯನ್ನು ತನಗೆ ಕೊಡಬೇಕೆಂದು ಅರಸನಿಗೆ ಹೇಳಿದಾಗ ತಮ್ಮ ಎರಡು ಗುಣಗಳನ್ನು ಮುಂದಿಟ್ಟರು. ಒಂದು, ಕಾಪಾಡುವ ಗುಣ. ಇನ್ನೊಂದು, ಬಲ್ಲ ಗುಣ. ಕಾಪಾಡುವ ಗುಣವನ್ನು ಮೊದಲು ಹೇಳಿದ್ದನ್ನು ಗಮನಿಸಬೇಕು. ಏಳು ವರ್ಷದ ಬೆಳೆಯನ್ನು ತೆನೆಯಲ್ಲೇ ಉಳಿಸಿ ಮುಂದಿನ ಏಳು ವರ್ಷದ ಬರಕ್ಕೆ ಕೂಡಿಟ್ಟ ಯೂಸುಫರ(ಅ) ಯೋಜನೆಯನ್ನು ಇಂದಿನ ಯಾವ ಮ್ಯಾನೇಜರನೂ ಮೆಚ್ಚಬೇಕು. ಆದರೆ ಕಣಜ ತುಂಬಿದ ಮೇಲೆ, ಬರ ಬಂದು ಧಾನ್ಯದ ಬೆಲೆ ಆಕಾಶಕ್ಕೇರುವ ಹೊತ್ತಿನಲ್ಲಿ, ಕಣಜದ ಬೀಗದ ಕೈ ಯಾರಲ್ಲಿರಬೇಕು? ಲೆಕ್ಕ ಬಲ್ಲವನು ಮಾತ್ರ ಆಗಿದ್ದರೆ ಅದೇ ಅವನಿಗೆ ಸುಗ್ಗಿಯ ಕಾಲ!

ಕಂಪೆನಿಯ ಹಾಗೆ ಸರಕಾರ ನಡೆದರೆ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಬೇಕಾದ ಅಗತ್ಯ ಮಂಗಳೂರಿನವರಿಗಿಲ್ಲ. ಇಲ್ಲಿ ಒಂದು ಕಂಪೆನಿಯೇ ಸರಕಾರವಾಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನರು ಹುತಾತ್ಮರಾದ ಬಳಿಕ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್ ಆಗಿ ಬಂದ. 1858ರವರೆಗೆ, ಎಂದರೆ ಸುಮಾರು 60 ವರ್ಷ, ನಮ್ಮ ಅಜ್ಜಂದಿರ ಅಜ್ಜಂದಿರನ್ನು ಆಳಿದ್ದು ಲಂಡನ್ನಿನಲ್ಲಿ ಪಾಲುದಾರರಿಗೆ ಲಾಭಾಂಶ ಹಂಚುತ್ತಿದ್ದ ಒಂದು ವ್ಯಾಪಾರಿ ಸಂಸ್ಥೆ. ಅದರಲ್ಲಿ ಲೆಕ್ಕ ಬರೆಯುವವರಿಗೆ ಕೊರತೆಯಿರಲಿಲ್ಲ. ಮನ್ರೋನಂಥ ಸಮರ್ಥರೂ ಇದ್ದರು, ಅದನ್ನು ಒಪ್ಪಬೇಕು. ಆದರೂ ಉಪ್ಪು ಮತ್ತು ಹೊಗೆಸೊಪ್ಪಿನ ಮಾರಾಟವನ್ನು ಕಂಪೆನಿ ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಸಮುದ್ರದ ದಡದಲ್ಲಿ ಬದುಕುವವನು ಉಪ್ಪಿಗೆ ಕಂಪೆನಿಯ ಬೆಲೆ ಕೊಡಬೇಕಾಯಿತು! 1834ರಲ್ಲಿ ಕೊಡಗನ್ನು ನುಂಗಿದ ಮೇಲೆ ಸುಳ್ಯದ ಕಡೆಯ ಊರುಗಳನ್ನು ಕೆನರಾಕ್ಕೆ ಸೇರಿಸಲಾಯಿತು. ಅದುವರೆಗೆ ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತ ಇನ್ನು ನಗದನ್ನೇ ತರಬೇಕೆಂಬ ಕಟ್ಟಳೆ ಬಂತು. ಕಂಪೆನಿಯ ಪುಸ್ತಕಕ್ಕೆ ಅದು ಅನುಕೂಲ: ಭತ್ತದ ಮುಡಿಗಳನ್ನು ಎಣಿಸುವುದಕ್ಕಿಂತ ನಾಣ್ಯ ಎಣಿಸುವುದು ಸುಲಭ. ರೈತನಿಗೋ, ನಗದಿಗಾಗಿ ಸಾಹುಕಾರನ ಅಂಗಳದಲ್ಲಿ ನಿಲ್ಲುವ ಗತಿ. 1837ರಲ್ಲಿ ಆ ರೈತರು ದಂಗೆಯೆದ್ದು ಮಂಗಳೂರಿಗೆ ನಡೆದುಬಂದರು. ಸುಮಾರು ಎರಡು ವಾರ ಈ ಪಟ್ಟಣ ಅವರ ಕೈಯಲ್ಲಿತ್ತು. ಬಾವುಟಗುಡ್ಡೆಯ ಹೆಸರು ಹೇಳುವಾಗಲೆಲ್ಲ ನಾವು ಆ ಬಾವುಟವನ್ನೇ ನೆನೆಯುತ್ತೇವೆ. ಒಂದು ಕಂಪೆನಿಗೆ ಸುಲಭವಾಗಿ ಕಂಡ ಒಂದು ಸಾಲಿನ ನಿಯಮಕ್ಕೆ ಜನ ಕೊಟ್ಟ ಬೆಲೆ ಅದು. ನಾಯಕರನ್ನು ಗಲ್ಲಿಗೇರಿಸಲಾಯಿತು.

ನ್ಯಾಯದ ಮಾತೆಂದರೆ ಟಿಪ್ಪು ಸುಲ್ತಾನರ ವಿಷಯದಲ್ಲಿಯೂ ಇದೇ ತಕ್ಕಡಿಯನ್ನು ಹಿಡಿಯಬೇಕು. ಕಂಪೆನಿಯನ್ನು ಅದರದೇ ಆಯುಧದಿಂದ ಎದುರಿಸಲು ಸುಲ್ತಾನರು ಸರಕಾರವನ್ನೇ ವ್ಯಾಪಾರಿಯನ್ನಾಗಿ ಮಾಡಿದರು. ಮಂಗಳೂರಿನಿಂದ ಮಸ್ಕತ್ತಿಗೆ ಸರಕು ಹೋಯಿತು, ಅಲ್ಲಿ ಸರಕಾರದ ಕೋಠಿ ತೆರೆಯಿತು. ಕರಿಮೆಣಸು, ಗಂಧ, ಏಲಕ್ಕಿ ಸರಕಾರದ ಕೈಗೆ ಬಂದವು. ಪ್ರಜೆಗಳು ಈ ವ್ಯಾಪಾರದಲ್ಲಿ ಹಣ ತೊಡಗಿಸಬಹುದಿತ್ತು. ಸಣ್ಣ ಮೊತ್ತ ಇಟ್ಟವನಿಗೆ ದೊಡ್ಡವನಿಗಿಂತ ಹೆಚ್ಚಿನ ಪಾಲು ಎಂಬ ನಿಯಮವನ್ನೂ ಮಾಡಿದ್ದರು. ಎಷ್ಟು ಮುಂದಾಲೋಚನೆ! ಆದರೂ ಸ್ವತಂತ್ರವಾಗಿ ಮೆಣಸು ಮಾರುತ್ತಿದ್ದ ವರ್ತಕ ಆಗ ಎಲ್ಲಿಗೆ ಹೋಗಬೇಕಿತ್ತು? ಇದಕ್ಕಿಂತ ನಾಲ್ಕು ಶತಮಾನಗಳ ಹಿಂದೆ, 1377ರ ವೇಳೆಗೆ, ಇಬ್ನು ಖಲ್ದೂನ್ ತಮ್ಮ ಮುಕದ್ದಿಮದಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಬರೆದರು. ಅರಸ ತಾನೇ ವ್ಯಾಪಾರಕ್ಕಿಳಿದರೆ ಪ್ರಜೆಗಳಿಗೆ ಹಾನಿ, ಖಜಾನೆಗೂ ನಷ್ಟ ಎಂಬುದು ಅವರ ನಿಲುವು. ಕಾರಣವೂ ಸರಳ: ಅರಸನ ಬಂಡವಾಳದ ಎದುರು ಯಾರೂ ನಿಲ್ಲಲಾರರು, ಅವನು ಕೊಳ್ಳುವಾಗ ಬೆಲೆ ಇಳಿಸುತ್ತಾನೆ, ಮಾರುವಾಗ ಏರಿಸುತ್ತಾನೆ, ಸಣ್ಣ ವರ್ತಕ ಅಂಗಡಿ ಮುಚ್ಚುತ್ತಾನೆ, ಅಂಗಡಿ ಮುಚ್ಚಿದಾಗ ತೆರಿಗೆಯೂ ನಿಲ್ಲುತ್ತದೆ.

ಈಗ ನಮ್ಮ ಕಾಲಕ್ಕೆ, ನಮ್ಮ ನೆರೆಗೆ ಬರೋಣ. ಸಮರ್ಥ ಆಡಳಿತಗಾರ ರಾಜಕೀಯಕ್ಕೆ ಬಂದರೆ ಏನಾಗುತ್ತದೆಂಬುದಕ್ಕೆ ಉಡುಪಿಯ ಟಿ.ಎ. ಪೈಯವರ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವರ ಕುಟುಂಬದ ಹಿರಿಯರು 1925ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಬೇಕೆಂದು ಹುಟ್ಟಿದ ಸಂಸ್ಥೆ. 1928ರಲ್ಲಿ ಅದು ಪಿಗ್ಮಿ ಯೋಜನೆ ತಂದಿತು: ಏಜೆಂಟನು ದಿನಾ ಮನೆ ಬಾಗಿಲಿಗೆ, ಗೂಡಂಗಡಿಗೆ ಬಂದು ಎರಡಾಣೆಯನ್ನೂ ಬೇಡವೆನ್ನದೆ ಪಡೆದು ಬರೆದುಕೊಳ್ಳುವ ಕ್ರಮ. (ಬಡ್ಡಿಯ ವಿಷಯದಲ್ಲಿ ನಮ್ಮ ನಿಲುವು ಎಲ್ಲರಿಗೂ ತಿಳಿದದ್ದೇ, ಆ ಚರ್ಚೆ ಇಲ್ಲಿ ಬೇಡ. ಅದೇ ಉಡುಪಿಯಲ್ಲಿ 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಮುಂದಾಗಿ ಕಟ್ಟಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತೆಂಬುದು, ಮೊದಲ ದಿನದ ಕೊನೆಯಲ್ಲಿ ಅದರ ಪೆಟ್ಟಿಗೆಯಲ್ಲಿ 38 ರೂಪಾಯಿ 13 ಆಣೆ 2 ಪೈ ಇತ್ತೆಂಬುದು ನಮ್ಮ ಮಕ್ಕಳಿಗೂ ತಿಳಿದಿರಲಿ. ಎರಡೂ ಹೆಸರುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಲೀನವಾಗಿ ಹೋದವು.)

ಟಿ.ಎ. ಪೈಯವರು ಬ್ಯಾಂಕಿನ ಮುಖ್ಯಸ್ಥರಾಗಿ ರೈತನಿಗೆ, ಸಣ್ಣ ಕಸುಬಿನವನಿಗೆ ಸಾಲದ ಬಾಗಿಲು ತೆರೆದರು. 1965ರಲ್ಲಿ ಭಾರತದ ಆಹಾರ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. ಮುಂದೆ ಜೀವ ವಿಮಾ ನಿಗಮದ ಅಧ್ಯಕ್ಷರಾದರು. 1972ರಲ್ಲಿ ಇಂದಿರಾ ಗಾಂಧಿಯವರು ಅವರನ್ನು ರೈಲ್ವೆ ಸಚಿವರನ್ನಾಗಿ ಮಾಡಿದರು. ಆ ಬಳಿಕ ಕೈಗಾರಿಕಾ ಖಾತೆಗಳು ಬಂದವು. ಸಾಮರ್ಥ್ಯದ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನದನ್ನು ಯಾರು ಕೇಳಬಲ್ಲರು? ಆದರೆ ಆಡಳಿತದ ಪರೀಕ್ಷೆ ಬಂದದ್ದು ಲೆಕ್ಕದ ಪುಸ್ತಕದಲ್ಲಿ ಅಲ್ಲ. 1975ರಲ್ಲಿ ಪ್ರಧಾನಿಯ ಮಗನ ಮಾರುತಿ ಕಂಪೆನಿಯ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಬಂತು. ಅದಕ್ಕೆ ಉತ್ತರ ಸಿದ್ಧಪಡಿಸಲು ಮಾಹಿತಿ ಸಂಗ್ರಹಿಸಿದ ನಾಲ್ವರು ಅಧಿಕಾರಿಗಳ ಮೇಲೆ, ಅವರಲ್ಲಿ ಪೈಯವರ ಇಲಾಖೆಗೆ ಸೇರಿದವರೂ ಇದ್ದರು, ಸಿಬಿಐ ದಾಳಿ ನಡೆಯಿತು, ಕೇಸುಗಳು ಬಿದ್ದವು. ಅವರು ಮಾಡಿದ್ದು ತಮ್ಮ ಕರ್ತವ್ಯವನ್ನು. ಇಲಾಖೆಯ ಸಚಿವರು ಅವರನ್ನು ಕಾಪಾಡಲಾರದೆ ಹೋದರು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಶಾ ಆಯೋಗದ ಮುಂದೆ ಪೈಯವರು ಈ ಬಗ್ಗೆ ಸಾಕ್ಷಿ ನುಡಿದರು. ಆ ಸಾಕ್ಷಿ ಅವರ ಗೌರವವನ್ನು ಹೆಚ್ಚಿಸುತ್ತದೆ. ಆದರೂ 1977ರವರೆಗೆ ಅವರು ಸಚಿವರಾಗಿಯೇ ಉಳಿದಿದ್ದರೆಂಬುದೂ ಇತಿಹಾಸದಲ್ಲಿದೆ.

ಇದನ್ನು ದೂಷಣೆಗಾಗಿ ಬರೆಯುತ್ತಿಲ್ಲ. ಬ್ಯಾಂಕಿನ ಮುಖ್ಯಸ್ಥನಾಗಿದ್ದಾಗ ತನ್ನ ಗುಮಾಸ್ತನ ಮೇಲೆ ಯಾರಾದರೂ ಕೈಯೆತ್ತಿದರೆ ತಡೆಯುವ ಶಕ್ತಿ ಅದೇ ಮನುಷ್ಯನಲ್ಲಿತ್ತು. ಅಲ್ಲಿ ಮೇಲಿನ ಮಾತು ಅವರದೇ. ರಾಜಕೀಯದಲ್ಲಿ ಅವರ ಮೇಲೆ ಇನ್ನೊಬ್ಬರಿದ್ದರು; ಬೇಕಾದದ್ದು ಯೋಜನೆ ಹಾಕುವ ಬುದ್ಧಿಯಲ್ಲ, ಕುರ್ಚಿಯನ್ನು ಬಿಟ್ಟೇಳುವ ಎದೆ. ಅನ್ಯಾಯಗಾರ ಆಡಳಿತಗಾರನ ಮುಂದೆ ಸತ್ಯವನ್ನು ನುಡಿಯುವುದನ್ನು ಪ್ರವಾದಿಯವರು(ಸ) ಶ್ರೇಷ್ಠ ಜಿಹಾದ್‌ಗಳಲ್ಲಿ ಎಣಿಸಿದ್ದಾರೆ. ಯಾವ ಕಂಪೆನಿಯಲ್ಲಿಯೂ ಅದರ ತರಬೇತಿ ಸಿಗುವುದಿಲ್ಲ. ಮದ್ರಸದಲ್ಲಿ ಸಿಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ಅಲ್ಲಿ ಪಾಠವಾಗಿ ಸಿಗುತ್ತದೆ; ಕೃತಿಯಲ್ಲಿ ಎಲ್ಲರಿಗೂ ಕಷ್ಟವೇ.

ಬೆಂಗಳೂರಿನ ಕತೆ ಬೇರೆ ಬಗೆಯದು. ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತು ಸೋತರು. 2014ರಲ್ಲಿ ಅದೇ ಕ್ಷೇತ್ರದಿಂದ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತರು. ಬಿಜೆಪಿಯ ಅನಂತಕುಮಾರ್ ಎದುರು 2.28 ಲಕ್ಷ ಮತಗಳ ಅಂತರದಿಂದ ಸೋತರು. ಇನ್ಫೋಸಿಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ವಿ. ಬಾಲಕೃಷ್ಣನ್ ಅದೇ ವರ್ಷ ಆಮ್ ಆದ್ಮಿ ಪಕ್ಷದಿಂದ ಬೆಂಗಳೂರು ಕೇಂದ್ರದಲ್ಲಿ ನಿಂತು ಸೋತರು. ವಿದ್ಯಾವಂತರ ನಗರವೇ ಅವರನ್ನು ಆರಿಸಲಿಲ್ಲವೆಂದು ಆಗ ಬಹಳ ಮಂದಿ ಮರುಗಿದರು. ಅವರೆಲ್ಲ ಗೆದ್ದು ಹೋಗಬೇಕಿತ್ತು ಎಂದು ನನಗೂ ಒಮ್ಮೊಮ್ಮೆ ಅನಿಸುವುದುಂಟು. ಆದರೆ ನಿಲೇಕಣಿಯವರು ಚುನಾವಣೆಗಿಂತ ಮುಂಚೆಯೇ, 2009ರಿಂದ 2014ರವರೆಗೆ, ಆಧಾರ್ ಪ್ರಾಧಿಕಾರದ ಮುಖ್ಯಸ್ಥರಾಗಿ ಒಂದು ದೊಡ್ಡ ಸರಕಾರಿ ಹೊಣೆಯನ್ನು ಹೊತ್ತಿದ್ದರಲ್ಲ! ಅವರನ್ನು ಅಳೆಯಬೇಕಾದದ್ದು ಅಲ್ಲಿ. ನೂರು ಕೋಟಿಗೂ ಮಿಕ್ಕ ಜನರಿಗೆ ಗುರುತಿನ ಸಂಖ್ಯೆ ಕೊಡುವ ವ್ಯವಸ್ಥೆಗೆ ಅಡಿಪಾಯ ಹಾಕಿದ್ದು ಅಸಾಮಾನ್ಯ ಕೆಲಸ. ಆದರೆ ಪಡಿತರ ಅಂಗಡಿಯ ಯಂತ್ರ ಬೆರಳಚ್ಚನ್ನು ಒಪ್ಪದೆ ಅಕ್ಕಿ ಸಿಗದೆ ಮರಳಿದವರ ದೂರುಗಳು ದೇಶದ ಹಲವೆಡೆಯಿಂದ ಬಂದವು. ಬೀಡಿ ಕಟ್ಟಿ ಕಟ್ಟಿ ಬೆರಳ ಗೆರೆ ಸವೆದ ಉಮ್ಮಂದಿರು ನಮ್ಮ ಯಾವ ಮೊಹಲ್ಲಾದಲ್ಲಿ ಇಲ್ಲ? ನೂರರಲ್ಲಿ ತೊಂಬತ್ತೆಂಟು ಜನರಿಗೆ ಕೆಲಸ ಮಾಡುವ ಯಂತ್ರ ಕಂಪೆನಿಗೆ ಯಶಸ್ಸು. ಉಳಿದ ಇಬ್ಬರು ಬೇರೆ ಅಂಗಡಿಗೆ ಹೋಗಲಿ ಎನ್ನಬಹುದು. ಪ್ರಜೆಗೆ ಬೇರೆ ಸರಕಾರವೆಲ್ಲಿದೆ? ಯೂಫ್ರೆಟಿಸ್ ದಡದಲ್ಲಿ ಒಂದು ಆಡಿನ ಮರಿ ದಿಕ್ಕಿಲ್ಲದೆ ಸತ್ತರೂ ತನ್ನನ್ನು ಅಲ್ಲಾಹನು ಪ್ರಶ್ನಿಸುವನೆಂದು ಅಂಜಿದ ಉಮರ್(ರ) ಆ ಇಬ್ಬರ ಲೆಕ್ಕವನ್ನೇ ಮೊದಲು ಕೇಳುತ್ತಿದ್ದರು.

ನಮ್ಮ ಜಿಲ್ಲೆಯವರಿಗೆ ಇದು ಬಸ್ಸಿನ ಉದಾಹರಣೆಯಲ್ಲಿ ಬೇಗ ಅರ್ಥವಾದೀತು. ಇಲ್ಲಿನ ಖಾಸಗಿ ಬಸ್ಸುಗಳು ಸಮಯಪಾಲನೆಗೆ ಹೆಸರಾದವು. ಆದರೆ ರಾತ್ರಿಯ ಕೊನೆಯ ಟ್ರಿಪ್ಪಿಗೆ ಜನ ಕಡಿಮೆಯಾದರೆ ಮಾಲೀಕ ಅದನ್ನು ಕಡಿದುಹಾಕುತ್ತಾನೆ. ಅವನದು ತಪ್ಪಲ್ಲ, ಡೀಸೆಲಿಗೆ ಅವನೇ ದುಡ್ಡು ಕೊಡಬೇಕು. ಹಾಗೆಂದು ಆ ರಾತ್ರಿ ಆಸ್ಪತ್ರೆಯಿಂದ ಮರಳಬೇಕಾದ ಒಬ್ಬ ರೋಗಿಯ ಹಕ್ಕು ಇಲ್ಲದಾಗುತ್ತದೆಯೇ? ಅದನ್ನು ನೋಡಿಕೊಳ್ಳಲಿಕ್ಕೇ ಸರಕಾರವೆಂಬ ಇನ್ನೊಂದು ಸಂಸ್ಥೆ ಇರುವುದು.

ಇನ್ನು ಆಡಳಿತದ ಕುರ್ಚಿಗೂ ತನ್ನ ಅಂಗಡಿಗೂ ನಡುವೆ ಗೋಡೆ ಕಟ್ಟದವರ ಕತೆ. ಇದನ್ನು ಹೆಚ್ಚು ಬೆಳೆಸುವ ಅಗತ್ಯವಿಲ್ಲ. ಬಂಟ್ವಾಳ ಮೂಲದ ಕುಟುಂಬದ ವಿಜಯ್ ಮಲ್ಯ 2002ರಲ್ಲಿ ಮತ್ತು 2010ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು. ಅದಕ್ಕೆ ಶಾಸಕರ ಮತ ಕೊಟ್ಟದ್ದರಲ್ಲಿ ನಮ್ಮ ದೊಡ್ಡ ಪಕ್ಷಗಳೆಲ್ಲದರ ಕೈಯಿದೆ. ವಿಮಾನ ಕಂಪೆನಿಯ ಒಡೆಯರು ವಿಮಾನಯಾನಕ್ಕೆ ಸಂಬಂಧಿಸಿದ ಸಂಸದೀಯ ಸಮಿತಿಯಲ್ಲಿಯೂ ಸದಸ್ಯರಾಗಿದ್ದರು. ಕಂಪೆನಿ 2012ರಲ್ಲಿ ನಿಂತಿತು, ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಉಳಿದರು, ಬ್ಯಾಂಕುಗಳ ಬಾಕಿ ಸುಮಾರು 9,000 ಕೋಟಿಯೆಂದು ಲೆಕ್ಕವಾಯಿತು. 2016ರ ಮಾರ್ಚ್ 2ರಂದು ಅವರು ದೇಶ ಬಿಟ್ಟರು. 2019ರ ಜನವರಿಯಲ್ಲಿ ನ್ಯಾಯಾಲಯ ಅವರನ್ನು ತಲೆಮರೆಸಿಕೊಂಡ ಆರ್ಥಿಕ ಅಪರಾಧಿಯೆಂದು ಘೋಷಿಸಿತು. ಬಳ್ಳಾರಿಯ ಗಣಿಗಳ ವಿಷಯ ಎಲ್ಲರಿಗೂ ಗೊತ್ತು. ಗಣಿ ಉದ್ಯಮಿ 2008ರಲ್ಲಿ ಸಚಿವರಾದರು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾ. ಸಂತೋಷ್ ಹೆಗ್ಡೆಯವರ ವರದಿ ಬಂತು, ಸೆಪ್ಟೆಂಬರಿನಲ್ಲಿ ಸಿಬಿಐ ಬಂಧನವಾಯಿತು. ಹೊರಗಿನ ಜಗತ್ತಿನಲ್ಲಿಯೂ ಹೀಗೆಯೇ. ಲೆಬನಾನಿನ ರಫೀಕ್ ಹರೀರಿ ಯುದ್ಧದಿಂದ ಹಾಳಾದ ಬೈರೂತನ್ನು ಮತ್ತೆ ಕಟ್ಟುವ ಪಣ ತೊಟ್ಟು 1992ರಲ್ಲಿ ಪ್ರಧಾನಿಯಾದರು. ಕಟ್ಟುವ ಕಂಪೆನಿಯಲ್ಲಿ ದೊಡ್ಡ ಪಾಲೂ ಅವರದೇ ಆಗಿತ್ತು. ನಗರದ ನಡುಭಾಗ ಸುಂದರವಾಯಿತು. ಅಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟಿದ್ದವರಿಗೆ ಜಾಗದ ಬದಲು ಕೈಗೆ ಬಂದದ್ದು ಷೇರಿನ ಕಾಗದ.

ಈ ಗೋಡೆಯನ್ನು ಕಟ್ಟುವುದು ಹೇಗೆಂದು ಇಸ್ಲಾಮ್ ಬರೇ ಬೋಧಿಸಲಿಲ್ಲ, ಮಾಡಿ ತೋರಿಸಿತು. ಅಬೂಬಕರ್(ರ) ಖಲೀಫರಾದ ಮರುದಿನ ಎಂದಿನಂತೆ ಬಟ್ಟೆಯ ಗಂಟು ಹೊತ್ತು ಮಾರುಕಟ್ಟೆಗೆ ಹೊರಟರು. ದಾರಿಯಲ್ಲಿ ಉಮರ್(ರ) ಮತ್ತು ಅಬೂ ಉಬೈದಾ(ರ) ಎದುರಾದರು. ಮುಸ್ಲಿಮರ ಹೊಣೆ ಹೊತ್ತವರು ಮಾರುಕಟ್ಟೆಗೆ ಹೋಗುವುದೇ ಎಂದು ಕೇಳಿದಾಗ, ಮತ್ತೆ ಹೆಂಡತಿ ಮಕ್ಕಳಿಗೆ ಏನು ತಿನ್ನಿಸಲಿ ಎಂದರು ಖಲೀಫರು. ಬೈತುಲ್ ಮಾಲ್‌ನಿಂದ ಸಾಧಾರಣ ಕುಟುಂಬಕ್ಕೆ ಸಾಕಾಗುವಷ್ಟು ನಿಗದಿಯಾಯಿತು, ಬಟ್ಟೆಯ ಗಂಟು ಕೆಳಗಿಳಿಯಿತು. ಮರಣ ಸಮೀಪಿಸಿದಾಗ, ಆಡಳಿತಕ್ಕೆ ಬಂದ ಮೇಲೆ ತನ್ನ ಸೊತ್ತಿಗೆ ಸೇರಿದ್ದೇನೆಂದು ನೋಡಿ ಅದನ್ನು ಮುಂದಿನ ಖಲೀಫರಿಗೆ ಒಪ್ಪಿಸಿರೆಂದು ವಸಿಯ್ಯತ್ ಮಾಡಿದರು. ಸಿಕ್ಕಿದ್ದು ಒಂದು ಒಂಟೆ, ಒಬ್ಬ ಸೇವಕ, ಒಂದು ಹಳೆಯ ಹೊದಿಕೆ. ಅದನ್ನು ಕಂಡು ಉಮರ್(ರ) ಅತ್ತರು. ತನ್ನ ನಂತರದವರಿಗೆ ಅಬೂಬಕರ್ ದಾರಿಯನ್ನು ಎಷ್ಟು ಕಠಿಣ ಮಾಡಿ ಹೋದರೆಂದು ಉದ್ಗರಿಸಿದರು.

ಆ ಕಠಿಣ ದಾರಿಯನ್ನು ಉಮರ್(ರ) ತಮ್ಮ ಮನೆಯೊಳಗಿನಿಂದಲೇ ಆರಂಭಿಸಿದರು. ಅವರ ಇಬ್ಬರು ಪುತ್ರರು ಇರಾಕಿನಿಂದ ಮರಳುವಾಗ ಬಸ್ರಾದ ರಾಜ್ಯಪಾಲ ಅಬೂ ಮೂಸಾ(ರ) ಅವರಿಗೆ ಒಂದು ಉಪಕಾರ ಮಾಡಬಯಸಿದರು. ಮದೀನಾಕ್ಕೆ ಕಳಿಸಬೇಕಾದ ಬೈತುಲ್ ಮಾಲ್‌ನ ಹಣವಿತ್ತು. ಅದನ್ನು ಸಾಲವಾಗಿ ಕೊಟ್ಟು, ಇರಾಕಿನ ಸರಕು ಕೊಂಡು ಮದೀನಾದಲ್ಲಿ ಮಾರಿರಿ, ಅಸಲನ್ನು ತಂದೆಗೆ ಒಪ್ಪಿಸಿ ಲಾಭವನ್ನು ನೀವಿಟ್ಟುಕೊಳ್ಳಿರಿ ಎಂದರು. ಯಾರಿಗೆ ನಷ್ಟ? ಬೊಕ್ಕಸಕ್ಕೆ ಹಣ ಪೂರ್ತಿ ಬರುತ್ತದೆ, ಹುಡುಗರಿಗೂ ನಾಲ್ಕು ಕಾಸು. ಆದರೆ ಉಮರ್(ರ) ಕೇಳಿದ್ದು ಒಂದೇ ಪ್ರಶ್ನೆ: ಸೇನೆಯಲ್ಲಿದ್ದ ಎಲ್ಲರಿಗೂ ಇದೇ ಸಾಲ ಸಿಕ್ಕಿತೇ? ಇಲ್ಲವೆಂದರು ಮಕ್ಕಳು. ಹಾಗಾದರೆ ಇದು ಖಲೀಫನ ಮಕ್ಕಳಿಗೆ ಸಿಕ್ಕ ಸಾಲ. ಅಸಲನ್ನೂ ಲಾಭವನ್ನೂ ಒಪ್ಪಿಸಿರಿ ಎಂದರು. ಉಬೈದುಲ್ಲಾ ವಾದಿಸಿದರು, ನಷ್ಟವಾಗಿದ್ದರೆ ನಾವೇ ತುಂಬಬೇಕಿತ್ತಲ್ಲ ಎಂದು. ಕೊನೆಗೆ ಸಭೆಯಲ್ಲಿದ್ದವರೊಬ್ಬರ ಸಲಹೆಯಂತೆ ಅದನ್ನು ಪಾಲುದಾರಿಕೆಯ ವ್ಯಾಪಾರವೆಂದು ಎಣಿಸಿ ಲಾಭದ ಅರ್ಧವನ್ನು ಬೈತುಲ್ ಮಾಲ್‌ಗೆ ಪಡೆಯಲಾಯಿತು. ಇಂದು ನಿವೇಶನ, ಗುತ್ತಿಗೆ, ಪರವಾನಿಗೆಗಳ ಎಷ್ಟು ಹಗರಣಗಳು ಈ ಒಂದು ಪ್ರಶ್ನೆಯ ಮುಂದೆ ನಿಲ್ಲಬಲ್ಲವು?

ಝಕಾತ್ ವಸೂಲಿಗೆ ಹೋಗಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಉಡುಗೊರೆ ಬಂದದ್ದು ಎಂದು ವಿಂಗಡಿಸಿಟ್ಟ ಇಬ್ನುಲ್ಲುತ್ಬಿಯ್ಯಾ ಎಂಬವರ ಪ್ರಸಂಗವೂ ಇಲ್ಲಿ ನೆನಪಾಗುತ್ತದೆ. ತನ್ನ ತಂದೆ ತಾಯಿಯ ಮನೆಯಲ್ಲಿ ಕೂತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿಯವರು(ಸ) ಮಿಂಬರಿನಿಂದಲೇ ಕೇಳಿದರು. ಆತ ಕದ್ದಿರಲಿಲ್ಲ, ಮುಚ್ಚಿಟ್ಟಿರಲೂ ಇಲ್ಲ. ಆದರೂ ಬಿಡಲಿಲ್ಲ.

ಹಾಗಾದರೆ ವ್ಯಾಪಾರಿಯ ಪ್ರತಿಭೆ ಸಾರ್ವಜನಿಕ ಬದುಕಿಗೆ ಬೇಡವೇ? ಬೇಕು. ಉಮರ್(ರ) ಇರಿತಕ್ಕೊಳಗಾಗಿ ಮಲಗಿದ್ದಾಗ ಮುಂದಿನ ಖಲೀಫರನ್ನು ಆರಿಸಲು ಆರು ಮಂದಿಯ ಸಮಿತಿ ಮಾಡಿದರು. ಮದೀನಾದ ಆ ದೊಡ್ಡ ವ್ಯಾಪಾರಿ ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಅದರಲ್ಲಿದ್ದರು. ಅವರು ಮಾಡಿದ ಮೊದಲ ಕೆಲಸ ಏನು? ಸ್ಪರ್ಧೆಯಿಂದ ತನ್ನ ಹೆಸರನ್ನು ಹಿಂತೆಗೆದುಕೊಂಡದ್ದು. ಆ ಬಳಿಕ ಮೂರು ದಿನ, ನಿದ್ದೆಗೆಟ್ಟು, ಜನರ ಅಭಿಪ್ರಾಯ ಕೇಳುತ್ತಾ ತಿರುಗಿದರು. ಹಿರಿಯರನ್ನು, ಸೇನಾನಿಗಳನ್ನು, ದಾರಿಹೋಕರನ್ನು, ಪರದೆಯ ಒಳಗಿದ್ದ ಸ್ತ್ರೀಯರನ್ನು ಕೂಡ ಕೇಳಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಮಾರುಕಟ್ಟೆಯ ಮನುಷ್ಯನಿಗೆ ಜನರ ಮನಸ್ಸನ್ನು ಅಳೆಯುವ ಕಲೆ ಗೊತ್ತಿತ್ತು. ಆ ಕಲೆಯನ್ನು ಸಮುದಾಯಕ್ಕೆ ಕೊಟ್ಟರು, ಬೆಲೆ ಕೇಳಲಿಲ್ಲ.

ಈಗ ಇದೇ ತಕ್ಕಡಿಯನ್ನು ನಮ್ಮ ಮಸೀದಿಯ ಅಂಗಳಕ್ಕೆ ತರದಿದ್ದರೆ ಇಷ್ಟು ಬರೆದದ್ದಕ್ಕೆ ಅರ್ಥವಿಲ್ಲ. ಜಮಾಅತ್ ಕಮಿಟಿಯ ಅಧ್ಯಕ್ಷರನ್ನು ನಾವು ಹೇಗೆ ಆರಿಸುತ್ತೇವೆ? ಗಲ್ಫಿನಲ್ಲಿ ಎಷ್ಟು ಅಂಗಡಿಗಳಿವೆ, ಮಿನಾರಕ್ಕೆ ಎಷ್ಟು ಕೊಟ್ಟಾರು ಎಂದಲ್ಲವೇ? ನಾನು ಪಾಠ ಹೇಳಿದ ಒಂದು ಊರಿನಲ್ಲಿ ಹೀಗೆಯೇ ಒಬ್ಬ ಯಶಸ್ವೀ ಉದ್ಯಮಿ ಅಧ್ಯಕ್ಷರಾದರು. ಒಳ್ಳೆಯ ಮನುಷ್ಯ. ವರ್ಷಗಟ್ಟಲೆ ಬರೆಯದೆ ಬಿದ್ದಿದ್ದ ಲೆಕ್ಕ ಮೂರು ತಿಂಗಳಲ್ಲಿ ಸರಿಯಾಯಿತು, ಪ್ರತಿ ವಂತಿಗೆಗೂ ರಸೀದಿ ಬಂತು, ಉಸ್ತಾದರ ಸಂಬಳ ತಾರೀಕು ತಪ್ಪದೆ ಸಿಕ್ಕಿತು. ನಾನು ಅದರ ಫಲಾನುಭವಿ, ಸುಳ್ಳು ಹೇಳಲಾರೆ. ಆದರೆ ಹೆದ್ದಾರಿಯ ಆಚೆ ಬದಿಯಲ್ಲಿ ಜಮಾಅತಿನದೇ ಒಂದು ಸಣ್ಣ ಮದ್ರಸವಿತ್ತು. ಹನ್ನೊಂದು ಮಕ್ಕಳು, ಒಬ್ಬ ಉಸ್ತಾದ್. ಹನ್ನೊಂದು ಮಕ್ಕಳಿಗೆ ಒಂದು ಸಂಬಳ, ಒಂದು ಬಾಡಿಗೆ, ಕರೆಂಟ್ ಬಿಲ್ಲು: ಲೆಕ್ಕಕ್ಕೆ ಹೊಂದಲಿಲ್ಲ. ಮುಚ್ಚಿ ದೊಡ್ಡ ಮದ್ರಸಕ್ಕೆ ಸೇರಿಸಲಾಯಿತು. ಗಂಡುಮಕ್ಕಳು ಹೆದ್ದಾರಿ ದಾಟಿ ಬಂದರು. ಏಳೆಂಟು ವರ್ಷದ ನಾಲ್ಕು ಹೆಣ್ಣುಮಕ್ಕಳು ಬರುವುದನ್ನು ನಿಲ್ಲಿಸಿದರು. ಸುಬ್ಹಿಯ ನಂತರದ ಮಬ್ಬು ಬೆಳಕಿನಲ್ಲಿ, ಲಾರಿಗಳ ನಡುವೆ, ಯಾವ ತಾಯಿ ಕಳಿಸುತ್ತಾಳೆ?

ಮಹಾಸಭೆಯಲ್ಲಿ ಮೀನು ಮಾರುವ ಒಬ್ಬ ಹಿರಿಯರು ಎದ್ದು ನಿಂತು, "ಹಾಜಿಯವರೇ, ಲೆಕ್ಕವೆಲ್ಲ ಸರಿಯಿದೆ. ಆ ನಾಲ್ಕು ಮಕ್ಕಳು ಯಾವ ಪುಟದಲ್ಲಿದ್ದಾರೆ?" ಎಂದು ಕೇಳಿದರು. ಸಭೆ ಮೌನವಾಯಿತು. ಅಧ್ಯಕ್ಷರ ಕಣ್ಣು ತುಂಬಿತು. ಆ ಮದ್ರಸವನ್ನು ತನ್ನ ಸ್ವಂತ ಖರ್ಚಿನಲ್ಲಿ ಮತ್ತೆ ತೆರೆಯುತ್ತೇನೆಂದು ಅಲ್ಲೇ ಘೋಷಿಸಿದರು. ಎಲ್ಲರೂ ಮಾಶಾ ಅಲ್ಲಾಹ್ ಎಂದರು. ಆದರೆ ಹಿರಿಯರು ಕೂರಲಿಲ್ಲ. "ನಿಮ್ಮ ಹಣ ಬೇಡ. ನಿಮಗೆ ಅಲ್ಲಾಹನು ಇನ್ನೂ ಕೊಡಲಿ. ಜಮಾಅತಿನ ಹಣದಿಂದ ತೆರೆಯಿರಿ. ನಾನು ತಿಂಗಳ ವಂತಿಗೆ ಕೊಡುತ್ತೇನೆ, ಅದರಿಂದ ತೆರೆಯಿರಿ" ಎಂದರು.

ಅವರ ಹಟ ಆಗ ಹಲವರಿಗೆ ಅತಿಯೆನಿಸಿತು. ಉಚಿತವಾಗಿ ಬರುವುದನ್ನು ಬೇಡವೆನ್ನುವುದೇ? ಯೋಚಿಸಿದಷ್ಟೂ ನನಗೆ ಅವರ ಮಾತೇ ಸರಿಯೆಂದು ತೋರುತ್ತದೆ. ಅಧ್ಯಕ್ಷರ ಜೇಬಿನಿಂದ ಬಂದರೆ ಅದು ಸದಕಾ. ಅಧ್ಯಕ್ಷರು ಬದಲಾದ ದಿನ ಅದೂ ನಿಲ್ಲುತ್ತದೆ, ನಿಲ್ಲುವವರೆಗೆ ಆ ಮಕ್ಕಳ ತಂದೆಯರು ತಲೆ ತಗ್ಗಿಸಿ ನಡೆಯಬೇಕು. ಜಮಾಅತಿನ ನಿಧಿಯಿಂದ ಬಂದರೆ ಅದು ಹಕ್ಕು. ಶ್ರೀಮಂತ ನಾಯಕನಲ್ಲಿರುವ ದೊಡ್ಡ ಅಪಾಯ ಆತ ಕದಿಯುವುದು ಮಾತ್ರವಲ್ಲ. ಕೊಡುತ್ತಾ ಕೊಡುತ್ತಾ ಜನರ ಹಕ್ಕನ್ನು ತನ್ನ ಉಪಕಾರವನ್ನಾಗಿ ಮಾಡಿಬಿಡುವುದೂ ಹೌದು. ರಮಝಾನಿನ ಕಿಟ್, ಚುನಾವಣೆಗೆ ಮುಂಚಿನ ಆಂಬುಲೆನ್ಸ್, ಹೊಲಿಗೆ ಯಂತ್ರ. ಇವೆಲ್ಲ ಬಂದ ಮೊಹಲ್ಲಾದಲ್ಲಿ ಚರಂಡಿ ಯಾಕೆ ಆಗಿಲ್ಲವೆಂದು ಕೇಳುವ ನಾಲಗೆ ಭಾರವಾಗುತ್ತದೆ.

ಉಮರ್(ರ) ರಾಜ್ಯಪಾಲರನ್ನು ನೇಮಿಸುವಾಗ ಅವರ ಸೊತ್ತನ್ನು ಬರೆದಿಡುತ್ತಿದ್ದರು. ಕಾರಣವಿಲ್ಲದೆ ಬೆಳೆದರೆ ಹೆಚ್ಚಿನದರ ಅರ್ಧವನ್ನು ಬೈತುಲ್ ಮಾಲ್‌ಗೆ ಪಡೆಯುತ್ತಿದ್ದರು. ನಮ್ಮ ದೇಶದಲ್ಲಿಯೂ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ, 2003ರಿಂದ, ಅಭ್ಯರ್ಥಿಗಳು ತಮ್ಮ ಆಸ್ತಿ, ಸಾಲ, ಕ್ರಿಮಿನಲ್ ಕೇಸುಗಳ ಪ್ರಮಾಣಪತ್ರ ಸಲ್ಲಿಸಬೇಕು. ಅದನ್ನು ಯಾರೂ ನೋಡಬಹುದು. 2023ರಲ್ಲಿ ಗೆದ್ದ ನಮ್ಮ ರಾಜ್ಯದ ಶಾಸಕರಲ್ಲಿ ಬಹುತೇಕ ಎಲ್ಲರೂ ಕೋಟ್ಯಧೀಶರೆಂದು ಗೊತ್ತಾದದ್ದು ಆ ಪತ್ರಗಳಿಂದಲೇ. ಮನೆಯ ಕಾಲೇಜು ಓದುವ ಮಗಳಿಗೆ ಹೇಳಿದರೆ ಮೊಬೈಲಿನಲ್ಲಿ ತೆಗೆದು ಓದಿ ಹೇಳುತ್ತಾಳೆ. ಐದು ವರ್ಷದ ಹಿಂದಿನದನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಿರಿ. ಯಾವ ಗುತ್ತಿಗೆ, ಯಾವ ಕಂಪೆನಿ, ಯಾರ ಹೆಸರಿನಲ್ಲಿ ಎಂದು ನೋಡಿರಿ. ಮತ ಕೇಳಲು ಬಂದವರು ಉದ್ಯಮಿಯಾಗಿದ್ದರೆ, ಗೆದ್ದ ಮೇಲೆ ನಿಮ್ಮ ಅಂಗಡಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಚಹಾ ಕೊಟ್ಟು ಮರ್ಯಾದೆಯಿಂದಲೇ ಕೇಳಿರಿ.

ಜಮಾಅತ್ ಕಮಿಟಿಗಳಲ್ಲಿ ಇಂಥ ಪತ್ರ ಬರೆಯಿಸುವ ರೂಢಿ ಇನ್ನೂ ಬಂದಿಲ್ಲ. ಆ ಊರಿನಲ್ಲಿ ಮಾತ್ರ, ಮೀನು ಮಾರುವ ಹಿರಿಯರ ಒತ್ತಾಯದ ಮೇಲೆ, ಜಮಾಅತಿನ ಕಟ್ಟಡ ಕೆಲಸಕ್ಕೆ ಪದಾಧಿಕಾರಿಗಳ ಅಂಗಡಿಯಿಂದ ಸಿಮೆಂಟು ಕಬ್ಬಿಣ ತರಿಸಬಾರದೆಂದು ನಿರ್ಣಯ ಪುಸ್ತಕದಲ್ಲಿ ಬರೆಯಲಾಯಿತು. ಮೊದಲು ಸಹಿ ಹಾಕಿದವರು ಅಧ್ಯಕ್ಷರೇ. ಅವರದು ಸಿಮೆಂಟಿನ ವ್ಯಾಪಾರ.